ಗುಮ್ಮಟದ ಕೆಳಗೆ ರಾತ್ರಿ ಪಾಳಿ

ನಾರ್ತ್ ಗ್ರೀನಿಚ್ ಸ್ಟೇಷನ್ನಿನಿಂದ ಹೊರಗೆ ಬಂದರೆ ಸಾಕು, ಹನ್ನೆರಡು ಹಳದಿ ಕಂಬ ಚುಚ್ಚಿಕೊಂಡ ಆ ಬಿಳಿ ಗುಡಾರ ಕಣ್ಣಿಗೆ ಬೀಳುತ್ತೆ. 2000ದಲ್ಲಿ ಮಿಲೇನಿಯಮ್ ಡೋಮ್ ಅಂತ ಜನ ನೋಡಲು ಹೋದದ್ದು ಇದನ್ನೇ. ವರ್ಷ ಮುಗಿಯುತ್ತಲೇ ಬಾಗಿಲು ಹಾಕಿತು. ಖರ್ಚಿನ ಲೆಕ್ಕ ಹಿಡಿದು ಪತ್ರಿಕೆಗಳು ಚೆನ್ನಾಗಿ ಬೈದವು. ಆಮೇಲೆ ಗುಡಾರವನ್ನು ಹಾಗೇ ಉಳಿಸಿಕೊಂಡು, ಅದರ ಹೊಟ್ಟೆಯೊಳಗೆ ಹೊಸ ಅರೀನಾ ಕಟ್ಟಿ 2007ರ ಜೂನಿನಲ್ಲಿ ತೆರೆದರು. ಒಳಗೆ ದೊಡ್ಡ ಕ್ರೇನ್ ಆಡಿಸೋಕೆ ಜಾಗವಿಲ್ಲದೆ, ಚಾವಣಿಯನ್ನು ನೆಲದ ಮೇಲೇ ಜೋಡಿಸಿ ಮೇಲಕ್ಕೆ ಎತ್ತಿದರಂತೆ! ಈಗಿನ ಓ2 ಅರೀನಾ ಅದೇ. ಸುಮಾರು 20,000 ಜನ ಹಿಡಿಯುತ್ತೆ.

ಅದೇ ವರ್ಷ ಸೆಪ್ಟೆಂಬರ್ ಕೊನೆಗೆ ಅಮೆರಿಕದ ವೃತ್ತಿಪರ ಹಾಕಿ ಲೀಗ್ ತನ್ನ ಸೀಸನ್ನನ್ನು ಇಲ್ಲೇ ಶುರು ಮಾಡಿತು. ಲಾಸ್ ಏಂಜಲಿಸ್ ಕಿಂಗ್ಸ್, ಅನಾಹೈಮ್ ಡಕ್ಸ್, ಎರಡು ದಿನ ಎರಡು ಪಂದ್ಯ. ನಮ್ಮ ಕೊಡಗಿನ ಹಾಕಿ ಅಲ್ಲ ಮತ್ತೆ, ಐಸ್ ಮೇಲಿನದು. 2011ರ ಮಾರ್ಚಿನಲ್ಲಿ ಎನ್‌ಬಿಎ ಬಂತು. ನ್ಯೂಜೆರ್ಸಿ ನೆಟ್ಸ್, ಟೊರೊಂಟೊ ರ‍್ಯಾಪ್ಟರ್ಸ್ ತಂಡಗಳ ಎರಡನೇ ಪಂದ್ಯ ಮೂರು ಸಲ ಹೆಚ್ಚುವರಿ ಸಮಯಕ್ಕೆ ಎಳೆದು, 137-136ರಲ್ಲಿ ನೆಟ್ಸ್ ಗೆದ್ದರು. ಒಲಿಂಪಿಕ್ಸ್ ಬಾಸ್ಕೆಟ್‌ಬಾಲ್ ಫೈನಲ್ 2012ರಲ್ಲಿ ನಡೆದದ್ದೂ ಇಲ್ಲೇ.

ಆಟ ಮುಗಿದ ಮೇಲೆ ಏನಾಗುತ್ತೆ ಅಂತ ಟಿವಿಯಲ್ಲಿ ತೋರಿಸಲ್ಲ. ಇಂಥ ಅರೀನಾಗಳಲ್ಲಿ ಇವತ್ತು ಆಟ, ನಾಳೆ ಸಂಗೀತ. ಜನ ಹೊರಟ ಕೂಡಲೆ ಮರದ ಅಂಕಣ ಹಲಗೆ ಹಲಗೆಯಾಗಿ ಬಿಚ್ಚಬೇಕು, ಕುರ್ಚಿ ಸರಿಸಬೇಕು, ಸಾವಿರಾರು ಲೋಟ ಹೆಕ್ಕಬೇಕು. ಹೀಗೆ ಕಾರ್ಯಕ್ರಮ ಇದ್ದ ದಿನ ಮಾತ್ರ ಕರೆಯೋ ಕೆಲಸಕ್ಕೆ ನಮ್ಮ ಹುಡುಗರೂ ಹೋಗ್ತಾರೆ, ಹೆಚ್ಚಾಗಿ ಏಜೆನ್ಸಿ ಮೂಲಕ.

ಹೋದ ಚಳಿಗಾಲದಲ್ಲಿ ಅಂಥ ಹುಡುಗನೊಬ್ಬ ಪೇಸ್ಲಿಪ್ ತಂದು ನಮ್ಮ ಮುಂದಿಟ್ಟ. (ಯಾವ ಏಜೆನ್ಸಿ, ಎಲ್ಲಿಯ ಕೆಲಸ ಅನ್ನೋದು ಬೇಡ ಬಿಡಿ.) ಐದು ತಿಂಗಳು ದುಡಿದಿದ್ದಾನೆ, ರಜೆ ಸಂಬಳದ ಸಾಲೇ ಇಲ್ಲ. "ನಾನು ಕ್ಯಾಶುವಲ್ ಅಲ್ವಾ ಸರ್, ನನಗೆಲ್ಲಿ ರಜೆ?" ಅಂದ. ಇದೆ ಕಣಪ್ಪಾ! ಅನಿಯಮಿತ ಗಂಟೆಯ ಕೆಲಸಗಾರರಿಗೂ ದುಡಿದ ಗಂಟೆಯ ಶೇ. 12.07ರಷ್ಟು ರಜೆ ಜಮಾ ಆಗಬೇಕು. 100 ಗಂಟೆಗೆ 12 ಗಂಟೆ ಚಿಲ್ಲರೆ. ಸಂಬಳದ ಜೊತೆಗೇ ಕೊಡುವುದಾದರೆ 1,200 ಪೌಂಡಿಗೆ 144 ಪೌಂಡ್ 84 ಪೆನ್ಸ್ ಮೇಲೆ ಬರಬೇಕು, ಅದೂ ಪೇಸ್ಲಿಪ್ಪಿನಲ್ಲಿ ಬೇರೆ ಸಾಲಾಗಿ. "ಗಂಟೆ ದರದಲ್ಲೇ ಸೇರಿದೆ" ಅಂತ ಬಾಯಲ್ಲಿ ಹೇಳಿದರೆ ಒಪ್ಪಬೇಡಿ. ಮೊದಲು ಬರೆದು ಕೇಳಿ. ಉತ್ತರ ಬರದಿದ್ದರೆ ಏಕಾಸ್‌ಗೆ ಫೋನ್ ಮಾಡಿ, ಸಲಹೆ ಉಚಿತ. ದೂರಿಗೆ ಗಡುವಿದೆ, ತಿಂಗಳುಗಟ್ಟಲೆ ಕಾಯಬೇಡಿ. ನಮ್ಮ ಹುಡುಗನಿಗೆ ಎರಡು ಇಮೇಲಿಗೇ ಹಣ ಬಂತು.

ಡಿಗ್ರಿ ಓದಲು ಬಂದವರು ಇನ್ನೊಂದು ನೋಡಿಕೊಳ್ಳಿ. ಟರ್ಮ್ ನಡೆಯುವಾಗ ವಾರಕ್ಕೆ 20 ಗಂಟೆ ಅನ್ನೋದು ಎಲ್ಲ ಕೆಲಸ ಸೇರಿ, ಒಂದೊಂದು ಏಜೆನ್ಸಿಗೆ ಬೇರೆ ಬೇರೆ 20 ಅಲ್ಲ. ಸೋಮವಾರದಿಂದ ಭಾನುವಾರಕ್ಕೆ ಲೆಕ್ಕ ಹಾಕಿ, ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಶುಕ್ರವಾರ, ಶನಿವಾರ ಪಾಳಿ ತಡವಾದರೆ ಜೂಬಿಲಿ ಲೈನು ರಾತ್ರಿಯಿಡೀ ಓಡುತ್ತೆ. ಉಳಿದ ದಿನ ಬಸ್ಸೇ ಗತಿ. ಪೇಸ್ಲಿಪ್ ಅರ್ಥವಾಗದವರು ಮುಂದಿನ ಭೇಟಿಗೆ ಹಿಡಿದುಕೊಂಡು ಬನ್ನಿ. ಕ್ಯಾಲ್ಕುಲೇಟರ್, ಟೀ ಎರಡೂ ನಮ್ಮದು.