ಅಂಜಿಕೆ ಎಲ್ಲಿ, ಅಪಾಯ ಎಲ್ಲಿ?

1962ರ ಫೆಬ್ರವರಿ ಮೊದಲ ವಾರ. ಎಂಟು ಗ್ರಹಗಳು ಮಕರ ರಾಶಿಯಲ್ಲಿ ಕೂಡುತ್ತವೆ, ಪ್ರಳಯವಾಗುತ್ತದೆ ಎಂಬ ಸುದ್ದಿ ದೇಶದ ತುಂಬ ಹಬ್ಬಿತ್ತು. ಊರೂರುಗಳಲ್ಲಿ ಹೋಮ ಹವನಗಳು, ಅಹೋರಾತ್ರಿ ಭಜನೆಗಳು ನಡೆದವು. ಅಷ್ಟಗ್ರಹ ಕೂಟದ ಆ ದಿನಗಳು ಬಂದವು, ಹೋದವು. ಏನೂ ಆಗಲಿಲ್ಲ.

ಪ್ರಳಯ ನಿಜವಾಗಿ ಬಾಗಿಲಿಗೆ ಬಂದು ನಿಂತದ್ದು ಅದೇ ವರ್ಷದ ಅಕ್ಟೋಬರ್ 27ರಂದು. ಕ್ಯೂಬಾ ದ್ವೀಪದಲ್ಲಿ ಸೋವಿಯತ್ ಒಕ್ಕೂಟ ಇರಿಸಿದ ಕ್ಷಿಪಣಿಗಳಿಗಾಗಿ ಎರಡು ಮಹಾಶಕ್ತಿಗಳು ಎದುರುಬದುರಾಗಿದ್ದವು. ಸಮುದ್ರದಾಳದಲ್ಲಿದ್ದ ಒಂದು ಸೋವಿಯತ್ ಜಲಾಂತರ್ಗಾಮಿಯಲ್ಲಿ ಅಣ್ವಸ್ತ್ರದ ಟಾರ್ಪೆಡೊ ಸಿದ್ಧವಾಗಿತ್ತು. ಅದನ್ನು ಸಿಡಿಸುವ ಮಾತು ಬಂದಾಗ ವಾಸಿಲಿ ಅರ್ಖಿಪೊವ್ ಎಂಬ ಅಧಿಕಾರಿ ಒಪ್ಪದೆ ತಡೆದನೆಂದು ಹೇಳಲಾಗುತ್ತದೆ. ಈ ಸಂಗತಿ ಲೋಕಕ್ಕೆ ತಿಳಿದದ್ದು ದಶಕಗಳ ನಂತರ. ಆ ವಾರ ನಮ್ಮ ಜನರ ಗಮನವೆಲ್ಲ ಅಕ್ಟೋಬರ್ 20ರಂದು ಆರಂಭವಾಗಿದ್ದ ಚೀನಾ ಯುದ್ಧದ ಕಡೆಗಿತ್ತು. ಗ್ರಹಗಳಿಗೆ ಹೆದರಿದ ದೇಶ ಅಣ್ವಸ್ತ್ರಕ್ಕೆ ಹೆದರಲು ಪುರುಸೊತ್ತಿಲ್ಲದೆ ಹೋಯಿತು.

ಹಾಗೆಂದು ಎಲ್ಲರೂ ಸುಮ್ಮನಿರಲಿಲ್ಲ. ಜಲಜನಕ ಬಾಂಬಿನ ಪರೀಕ್ಷೆಗಳನ್ನು ನಿಲ್ಲಿಸಬೇಕೆಂದು ಜವಾಹರಲಾಲ್ ನೆಹರೂ 1954ರ ಏಪ್ರಿಲ್‌ನಲ್ಲಿಯೇ ಕೇಳಿದ್ದರು. ಕ್ಯೂಬಾ ಬಿಕ್ಕಟ್ಟಿಗೆ ಒಂದು ತಿಂಗಳ ಮುಂಚೆ, 1962ರ ಸೆಪ್ಟೆಂಬರ್‌ನಲ್ಲಿ, ರಾಜಾಜಿಯವರ ನೇತೃತ್ವದ ನಿಯೋಗವೊಂದು ವಾಷಿಂಗ್ಟನ್ನಿಗೆ ಹೋಗಿ ಅಧ್ಯಕ್ಷ ಕೆನಡಿಯವರನ್ನು ಕಂಡು ಇದೇ ಮಾತನ್ನು ಹೇಳಿತು. ಆ ನಿಯೋಗದಲ್ಲಿ ಧಾರವಾಡದ ಆರ್.ಆರ್. ದಿವಾಕರರೂ ಮಂಗಳೂರಿನ ಬಿ. ಶಿವರಾವ್ ಅವರೂ ಇದ್ದರೆಂಬುದು ಕನ್ನಡಿಗರು ಮರೆಯಬಾರದ ಸಂಗತಿ. ಮರುವರ್ಷ, 1963ರಲ್ಲಿ, ಗಾಳಿ, ನೀರು ಮತ್ತು ಬಾಹ್ಯಾಕಾಶದಲ್ಲಿ ಅಣ್ವಸ್ತ್ರ ಪರೀಕ್ಷೆ ನಿಷೇಧಿಸುವ ಒಪ್ಪಂದವಾಯಿತು. ಭಾರತವೂ ಸಹಿ ಹಾಕಿತು.

ಅಂಜಿಕೆಯಿಂದ ಹೆಮ್ಮೆಗೆ

ಮುಂದೆ ಗಾಳಿ ಬದಲಾಯಿತು. 1974ರ ಮೇ 18ರ ಬೆಳಿಗ್ಗೆ ರಾಜಸ್ಥಾನದ ಪೋಖ್ರಾನ್‌ನಲ್ಲಿ ನೆಲದಡಿ ಸ್ಫೋಟ ನಡೆಯಿತು. ಅದರ ಹೊಣೆ ಹೊತ್ತವರಲ್ಲಿ ಪ್ರಮುಖರು ತುಮಕೂರು ಜಿಲ್ಲೆಯಲ್ಲಿ ಹುಟ್ಟಿದ ಡಾ. ರಾಜಾ ರಾಮಣ್ಣ. ದೇಶದಾದ್ಯಂತ ರೈಲ್ವೆ ಮುಷ್ಕರ ನಡೆದಿದ್ದ ಕಷ್ಟದ ದಿನಗಳಲ್ಲೂ ಜನ ಹೆಮ್ಮೆಪಟ್ಟರು. ಸರ್ಕಾರ ಅದನ್ನು ‘ಶಾಂತಿಯುತ ಸ್ಫೋಟ’ ಎಂದು ಕರೆಯಿತು. ಅದು ಬಾಂಬೇ ಆಗಿತ್ತೆಂದು ರಾಮಣ್ಣನವರು ಬಹಿರಂಗವಾಗಿ ಹೇಳಿದ್ದು 1997ರಲ್ಲಿ. 1998ರ ಮೇ 11 ಮತ್ತು 13ರಂದು ಪುನಃ ಪರೀಕ್ಷೆಗಳಾದಾಗ ಬೀದಿಗಳಲ್ಲಿ ಪಟಾಕಿ ಸಿಡಿದವು, ಸಿಹಿ ಹಂಚಲಾಯಿತು. ವಿರೋಧಿಸಿದ ವಿಜ್ಞಾನಿಗಳೂ ಇದ್ದರು, ಅವರ ಧ್ವನಿ ಸಣ್ಣದಾಗಿತ್ತು. ಮೇ 28ರಂದು ಪಾಕಿಸ್ತಾನವೂ ಪರೀಕ್ಷೆ ನಡೆಸಿತು.

2025ರ ಮೇ ತಿಂಗಳಲ್ಲಿ ಎರಡೂ ದೇಶಗಳ ನಡುವೆ ನಾಲ್ಕು ದಿನ ಕಾಳಗ ನಡೆದಾಗ ಮತ್ತೊಂದು ಬಗೆಯ ವರ್ತನೆ ಕಂಡಿತು. ಪಾಕಿಸ್ತಾನದ ಕಿರಾನಾ ಬೆಟ್ಟದ ಅಣ್ವಸ್ತ್ರ ಉಗ್ರಾಣಕ್ಕೆ ಪೆಟ್ಟು ಬಿದ್ದು ವಿಕಿರಣ ಸೋರುತ್ತಿದೆ ಎಂಬ ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹಾರಿತು. ಆ ಬೆಟ್ಟಕ್ಕೆ ತಾವು ಹೊಡೆದಿಲ್ಲವೆಂದು ನಮ್ಮ ವಾಯುಪಡೆಯೇ ಹೇಳಿತು. ಯಾವ ಸೋರಿಕೆಯೂ ಇಲ್ಲವೆಂದು ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ತಿಳಿಸಿತು. ಅಷ್ಟರೊಳಗೆ ಲಕ್ಷಾಂತರ ಮಂದಿ ಅದನ್ನು ಕ್ರಿಕೆಟ್ ಸ್ಕೋರಿನಂತೆ ಓದಿ ಮುಂದಕ್ಕೆ ಕಳಿಸಿಯಾಗಿತ್ತು. ಮೊದಲು ಅಜ್ಞಾನ, ಆಮೇಲೆ ಹೆಮ್ಮೆ, ಈಗ ತಮಾಷೆ.

ಕೈವಾರ ಹಿಡಿದು ನೋಡಿ

ಅಪಾಯವೆಷ್ಟು ಎಂಬುದನ್ನು ವಿದ್ಯಾರ್ಥಿಗಳು ಮನೆಯಲ್ಲೇ ಅಳೆಯಬಹುದು. 1945ರ ಆಗಸ್ಟ್ 6ರಂದು ಹಿರೋಷಿಮಾ ಮೇಲೆ ಸಿಡಿದ ಬಾಂಬಿನ ಶಕ್ತಿ ಸುಮಾರು 15 ಕಿಲೋಟನ್, ಅಂದರೆ 15,000 ಟನ್ ಟಿಎನ್‌ಟಿ ಸಿಡಿಮದ್ದಿಗೆ ಸಮ. ಸುಮಾರು 1.6 ಕಿ.ಮೀ. ತ್ರಿಜ್ಯದೊಳಗೆ ಬಹುತೇಕ ಎಲ್ಲವೂ ನೆಲಸಮವಾಯಿತು. ಆ ವರ್ಷ ಮುಗಿಯುವಷ್ಟರಲ್ಲಿ ಸತ್ತವರ ಸಂಖ್ಯೆ ಸುಮಾರು 1,40,000 ಎಂದು ಅಂದಾಜು. ಜಿಲ್ಲೆಯ ನಕ್ಷೆಯ ಮೇಲೆ ತುಮಕೂರಿನ ಟೌನ್‌ಹಾಲ್ ವೃತ್ತವನ್ನು ಕೇಂದ್ರ ಮಾಡಿಕೊಂಡು ಕೈವಾರದಿಂದ 1.6 ಕಿ.ಮೀ. ತ್ರಿಜ್ಯದ ವರ್ತುಲ ಎಳೆಯಿರಿ. ಕೇಂದ್ರದಿಂದ ಅಂಚಿಗೆ ಇಪ್ಪತ್ತು ನಿಮಿಷದ ನಡಿಗೆ, ಅಷ್ಟೆ. ಗುಬ್ಬಿ ಸುಮಾರು 20 ಕಿ.ಮೀ. ದೂರ, ಕುಣಿಗಲ್ ಸುಮಾರು 35. ಎರಡೂ ವರ್ತುಲದ ಹೊರಗೇ ಉಳಿಯುತ್ತವೆ.

ಹಾಗಾದರೆ ಗುಬ್ಬಿ, ಕುಣಿಗಲ್ಲಿನವರು ಪಾರೇ? ಇಲ್ಲ. ಇಲ್ಲಿ ಲೆಕ್ಕ ಬಾಂಬಿನದಲ್ಲ, ಹೊಗೆಯದು. ಹೊತ್ತಿ ಉರಿಯುವ ನಗರಗಳ ಕರಿಮಸಿ ಬಿಸಿಲಿಗೆ ಕಾದು ಮೇಲೇರಿ ಮಳೆಮೋಡಗಳಿಗಿಂತ ಎತ್ತರದ ವಾಯುಸ್ತರ ಸೇರುತ್ತದೆ. ಅಲ್ಲಿ ಮಳೆಯಿಲ್ಲ, ಹಾಗಾಗಿ ತೊಳೆದುಹೋಗದೆ ವರ್ಷಗಟ್ಟಲೆ ಉಳಿದು ಬಿಸಿಲನ್ನು ತಡೆಯುತ್ತದೆ. ಭಾರತ ಮತ್ತು ಪಾಕಿಸ್ತಾನ ಹಿರೋಷಿಮಾ ಗಾತ್ರದ ನೂರು ಬಾಂಬುಗಳನ್ನು ಪರಸ್ಪರ ಎಸೆದರೆ ಏನಾದೀತೆಂದು 2007ರಲ್ಲಿ ಅಮೆರಿಕದ ಹವಾಮಾನ ವಿಜ್ಞಾನಿಗಳು ಲೆಕ್ಕ ಹಾಕಿದರು. ಸುಮಾರು 50 ಲಕ್ಷ ಟನ್ ಮಸಿ. ಭೂಮಿಯ ಸರಾಸರಿ ಉಷ್ಣತೆಯಲ್ಲಿ ಸುಮಾರು 1.25 ಡಿಗ್ರಿ ಸೆಲ್ಸಿಯಸ್ ಇಳಿಕೆ. ಜಗತ್ತಿನ ಮಳೆಯಲ್ಲಿ ಹತ್ತನೇ ಒಂದು ಭಾಗದಷ್ಟು ಕಡಿತ. ಏಷ್ಯಾದ ಮುಂಗಾರಿಗೆ ಇನ್ನೂ ದೊಡ್ಡ ಪೆಟ್ಟು. ಅಷ್ಟು ಮಸಿ ಮೇಲೇರಲಾರದೆಂದು ವಾದಿಸುವ ವಿಜ್ಞಾನಿಗಳೂ ಇದ್ದಾರೆ, ಚರ್ಚೆ ಮುಗಿದಿಲ್ಲ. ಆದರೆ ಮಳೆಯನ್ನೇ ನಂಬಿದ ರಾಗಿ ಹೊಲಕ್ಕೂ ಕುಣಿಗಲ್ ದೊಡ್ಡಕೆರೆಗೂ ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳು ಕೂತು ಉಣ್ಣುವ ದಾಸೋಹಕ್ಕೂ ಇದರಲ್ಲಿ ಅರ್ಧ ನಿಜವಾದರೂ ಸಾಕು. ಬಾಂಬು ಬೀಳದ ಊರಿಗೂ ಬರ ಬರುತ್ತದೆ.

ಒಪ್ಪಂದದ ದಾರಿ

1980ರ ದಶಕದ ನಡುವೆ ಜಗತ್ತಿನಲ್ಲಿ ಸುಮಾರು 70,000 ಅಣ್ವಸ್ತ್ರಗಳಿದ್ದವು. 2025ರ ಆರಂಭದಲ್ಲಿ ಅವು ಸುಮಾರು 12,000 ಎಂದು ಸ್ಟಾಕ್‌ಹೋಮ್‌ನ ಸಿಪ್ರಿ ಸಂಸ್ಥೆಯ ಅಂದಾಜು. ಈ ಇಳಿಕೆ ತಾನಾಗಿ ಆದದ್ದಲ್ಲ. ಜನ ಪ್ರಶ್ನಿಸಿದರು, ನಾಯಕರು ಮಾತುಕತೆಗೆ ಕೂತರು, ಒಪ್ಪಂದಗಳಾದವು. ಹಿರೋಷಿಮಾ, ನಾಗಸಾಕಿಯಲ್ಲಿ ಬದುಕುಳಿದವರ ಸಂಘಟನೆ ನಿಹೋನ್ ಹಿಡಾಂಕ್ಯೊ ದಶಕಗಳ ಕಾಲ ತನ್ನ ನೋವನ್ನು ಹೇಳುತ್ತಲೇ ಬಂತು. 2024ರ ನೊಬೆಲ್ ಶಾಂತಿ ಪ್ರಶಸ್ತಿ ಅದಕ್ಕೆ ಸಂದಿತು.

ನಮ್ಮ ಉಪಖಂಡದಲ್ಲೂ ಒಂದು ಸಣ್ಣ ದೀಪ ಉರಿಯುತ್ತಿದೆ. ಒಬ್ಬರ ಅಣು ಸ್ಥಾವರಗಳ ಮೇಲೆ ಒಬ್ಬರು ದಾಳಿ ಮಾಡಬಾರದೆಂದು ಭಾರತ ಮತ್ತು ಪಾಕಿಸ್ತಾನ 1988ರ ಡಿಸೆಂಬರ್ 31ರಂದು ಒಪ್ಪಂದ ಮಾಡಿಕೊಂಡವು. 1992ರಿಂದ ಜನವರಿ 1ರಂದು ಸ್ಥಾವರಗಳ ಪಟ್ಟಿಗಳು ಕೈ ಬದಲಾಗುತ್ತಿವೆ. 1999ರ ಕಾರ್ಗಿಲ್ ಯುದ್ಧವೂ ಈ ಪದ್ಧತಿಯನ್ನು ಕೆಡಿಸಲಿಲ್ಲ. ತಾನಾಗಿ ಮೊದಲು ಅಣ್ವಸ್ತ್ರ ಬಳಸುವುದಿಲ್ಲವೆಂದು ಭಾರತ 2003ರಲ್ಲಿ ಅಧಿಕೃತವಾಗಿ ಸಾರಿದೆ.

ಮಕ್ಕಳ ಕೈಗೆ ಮೊಬೈಲ್ ಕೊಟ್ಟ ತಂದೆ ತಾಯಂದಿರು ಇದಿಷ್ಟನ್ನೂ ಅವರೊಡನೆ ಮಾತನಾಡಬೇಕು. ಮುಂದಿನ ಸಲ ಅಂಥ ಸುದ್ದಿ ಬಂದಾಗ ಮೂರು ಪ್ರಶ್ನೆ ಕೇಳುವುದನ್ನು ಕಲಿಸಿದರೆ ಸಾಕು: ಇದನ್ನು ಹೇಳಿದವರು ಯಾರು? ಅವರಿಗೆ ಹೇಗೆ ತಿಳಿಯಿತು? ಇದು ನಿಜವಾದರೆ ಸಾಯುವವರು ಎಷ್ಟು ಮಂದಿ? ಮೂರನೆಯ ಪ್ರಶ್ನೆಗೆ ಉತ್ತರ ಹುಡುಕಿದ ಮಗು ಅದನ್ನು ಸ್ಕೋರಿನಂತೆ ಓದಲಾರದು.