ಫಿಲ್ಟರ್ ಹಾಕದ ಫೋಟೊ ಎಲ್ಲೂ ಇಲ್ಲ

ಫೋಟೊ ಹಂಚಿಕೊಳ್ಳುವಾಗ ‘ಇದಕ್ಕೆ ಯಾವ ಫಿಲ್ಟರೂ ಹಾಕಿಲ್ಲ’ ಎಂದು ಬರೆಯುವುದು ಈಗ ರೂಢಿಯಾಗಿದೆ. ಇದ್ದದ್ದನ್ನು ಇದ್ದ ಹಾಗೇ ತೋರಿಸುತ್ತಿದ್ದೇನೆ ಎಂಬ ಭರವಸೆ ಆ ಮಾತಿನಲ್ಲಿದೆ. ಆದರೆ ಡಿಜಿಟಲ್ ಕ್ಯಾಮೆರಾದ ಒಳಗೆ ನಡೆಯುವುದನ್ನು ತಿಳಿದರೆ ಈ ಭರವಸೆ ನಿಲ್ಲುವುದಿಲ್ಲ. ಕ್ಯಾಮೆರಾದ ಸೆನ್ಸರ್‌ಗೆ ಬಣ್ಣ ಗೊತ್ತಿಲ್ಲ. ತನ್ನ ಒಂದೊಂದು ಚುಕ್ಕೆಯ ಮೇಲೆ ಎಷ್ಟು ಬೆಳಕು ಬಿತ್ತು ಎಂಬುದಷ್ಟೇ ಅದಕ್ಕೆ ಗೊತ್ತು. ಹಾಗಾಗಿ ಪ್ರತಿ ಚುಕ್ಕೆಯ ಮೇಲೂ ಕೆಂಪು, ಹಸಿರು ಅಥವಾ ನೀಲಿಯ ಒಂದು ತೆಳು ಪದರವನ್ನು ಕೂರಿಸಿರುತ್ತಾರೆ. ಕೊಡಾಕ್ ಕಂಪನಿಯ ಬ್ರೈಸ್ ಬೇಯರ್ ರೂಪಿಸಿದ ಈ ಜೋಡಣೆಗೆ 1976ರಲ್ಲಿ ಪೇಟೆಂಟ್ ಸಿಕ್ಕಿತು. ಅದರಲ್ಲಿ ಅರ್ಧದಷ್ಟು ಚುಕ್ಕೆಗಳು ಹಸಿರಿಗೆ, ಕಾಲುಭಾಗ ಕೆಂಪಿಗೆ, ಉಳಿದ ಕಾಲುಭಾಗ ನೀಲಿಗೆ ಮೀಸಲು. ನಮ್ಮ ಕಣ್ಣು ಹಸಿರು ಬೆಳಕಿನಲ್ಲೇ ಹೆಚ್ಚು ವಿವರ ಗ್ರಹಿಸುವುದರಿಂದ ಈ ಹಂಚಿಕೆ. ಅಂದರೆ ಪ್ರತಿ ಚುಕ್ಕೆಯೂ ಅಳೆಯುವುದು ಒಂದೇ ಬಣ್ಣವನ್ನು. ಮಿಕ್ಕ ಎರಡನ್ನು ಅಕ್ಕಪಕ್ಕದ ಚುಕ್ಕೆಗಳನ್ನು ನೋಡಿ ಕ್ಯಾಮೆರಾ ಲೆಕ್ಕ ಹಾಕುತ್ತದೆ. ಇಂಥ ಫೋಟೊದ ಬಣ್ಣದ ಅಂಕಿಗಳಲ್ಲಿ ಮೂರರಲ್ಲಿ ಎರಡು ಪಾಲು ಅಳೆದವಲ್ಲ, ಊಹಿಸಿ ತುಂಬಿದವು. ಆಮೇಲೆ ಬಿಳಿಯನ್ನು ಬಿಳಿಯಾಗಿ ಕಾಣಿಸುವ ತಿದ್ದುಪಡಿ, ನೆರಳನ್ನು ಎತ್ತಿ ತೋರಿಸುವ ತಿದ್ದುಪಡಿ ಬೇರೆ. ಆದ್ದರಿಂದ ನಾವು ಕೇಳಬೇಕಾದದ್ದು ಫಿಲ್ಟರ್ ಹಾಕಲಾಗಿದೆಯೇ ಎಂದಲ್ಲ. ಯಾವ ಲೆಕ್ಕ ನಡೆದಿದೆ, ಅದನ್ನು ನಿರ್ಧರಿಸಿದವರು ಯಾರು ಎಂದು. ಈ ಪ್ರಶ್ನೆಗಳನ್ನು ಕೇಳಲು ಕಲಿಯಬೇಕಾದರೆ ಸ್ವತಃ ಒಂದು ಫಿಲ್ಟರ್ ಬರೆದು ನೋಡುವುದಕ್ಕಿಂತ ಒಳ್ಳೆಯ ದಾರಿಯಿಲ್ಲ ಎಂಬುದು ನನ್ನ ವಾದ.

ಬರೆಯುವುದು ಕಷ್ಟವೇನಲ್ಲ. ಫೋಟೊ ಎಂದರೆ ಕಂಪ್ಯೂಟರಿಗೆ ಅಂಕಿಗಳ ಒಂದು ದೊಡ್ಡ ಕೋಷ್ಟಕ. ಒಂದೊಂದು ಪಿಕ್ಸೆಲ್‌ಗೂ ಕೆಂಪು, ಹಸಿರು, ನೀಲಿ ಎಂದು ಮೂರು ಅಂಕಿಗಳು, ಪ್ರತಿಯೊಂದೂ 0ಯಿಂದ 255ರವರೆಗೆ. ಮೂರನ್ನೂ ಸೇರಿಸಿದರೆ 1,67,77,216 ಬಣ್ಣಗಳು ಸಾಧ್ಯ. ಮೂರೇ ಬಣ್ಣ ಸಾಕು ಎಂಬ ತಿಳಿವಳಿಕೆ ಕಂಪ್ಯೂಟರಿಗಿಂತ ತುಂಬ ಹಳೆಯದು. 1861ರಲ್ಲಿ ಲಂಡನ್ನಿನ ರಾಯಲ್ ಇನ್ಸ್ಟಿಟ್ಯೂಷನ್‌ನಲ್ಲಿ ಭೌತವಿಜ್ಞಾನಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಒಂದು ಚೌಕುಳಿ ರಿಬ್ಬನ್ನಿನ ಮೂರು ಚಿತ್ರಗಳನ್ನು ಕೆಂಪು, ಹಸಿರು, ನೀಲಿ ಬೆಳಕಿನಲ್ಲಿ ಒಂದರ ಮೇಲೊಂದು ಬೀಳಿಸಿ, ಅದನ್ನು ಬಣ್ಣದಲ್ಲಿ ತೋರಿಸಿದ್ದರು. ಇಂದು ಪೈಥಾನ್ ಭಾಷೆ, ಅದರ ಜೊತೆಗೆ ಪಿಲ್ಲೋ ಎಂಬ ಲೈಬ್ರರಿ ಇದ್ದರೆ ಸಾಕು. ಎರಡೂ ಉಚಿತ. ಫೋಟೊ ತೆರೆದು, ಪಿಕ್ಸೆಲ್‌ಗಳನ್ನು ಒಂದೊಂದಾಗಿ ಓದಿ, ಅಂಕಿ ಬದಲಿಸಿ ಉಳಿಸುವ ಪ್ರೋಗ್ರಾಂ ಹತ್ತು ಸಾಲು ದಾಟುವುದಿಲ್ಲ.

ಮೊದಲ ಪ್ರಯೋಗವಾಗಿ ಬಣ್ಣದ ಫೋಟೊವನ್ನು ಕಪ್ಪು-ಬಿಳುಪು ಮಾಡೋಣ. ಮೂರು ಅಂಕಿಗಳನ್ನು ಕೂಡಿಸಿ ಮೂರರಿಂದ ಭಾಗಿಸಿದರಾಯಿತು ಎಂದು ಯಾರಿಗಾದರೂ ತೋಚುತ್ತದೆ. ಹಾಗೆ ಮಾಡಿದರೆ ಅಚ್ಚ ಕೆಂಪು, ಅಚ್ಚ ಹಸಿರು, ಅಚ್ಚ ನೀಲಿ ಮೂರೂ 85 ಎಂಬ ಒಂದೇ ಬೂದು ಬಣ್ಣಕ್ಕೆ ಇಳಿಯುತ್ತವೆ. ಕಣ್ಣು ಇದನ್ನು ಒಪ್ಪುವುದಿಲ್ಲ. ಪರದೆಯ ಮೇಲೆ ಅಚ್ಚ ಹಸಿರು ಎಷ್ಟು ಬೆಳಗುತ್ತದೆ, ಅಚ್ಚ ನೀಲಿ ಎಷ್ಟು ಮಂಕಾಗಿರುತ್ತದೆ ಎಂಬುದನ್ನು ನೋಡಿದವರಿಗೆ ಇದು ಗೊತ್ತೇ ಇದೆ. ಆದ್ದರಿಂದ ಟಿ.ವಿ. ಎಂಜಿನಿಯರುಗಳು ಕೆಂಪಿಗೆ 0.299, ಹಸಿರಿಗೆ 0.587, ನೀಲಿಗೆ 0.114 ಎಂದು ಬೇರೆ ಬೇರೆ ತೂಕ ಕೊಟ್ಟರು. ಆಗ ಹಸಿರು 150ಕ್ಕೆ ಏರುತ್ತದೆ, ಕೆಂಪು 76ರಲ್ಲಿ ನಿಲ್ಲುತ್ತದೆ, ನೀಲಿ 29ಕ್ಕೆ ಇಳಿಯುತ್ತದೆ. ಮುಂದೆ ಬಂದ ಎಚ್‌ಡಿ ಟಿ.ವಿ. ಮಾನದಂಡದಲ್ಲಿ ಈ ತೂಕಗಳೇ ಬದಲಾದವು. ಅಲ್ಲಿ ಹಸಿರಿನ ಪಾಲು 0.7152. ಒಂದೇ ಫೋಟೊಗೆ ಮೂರು ಕಪ್ಪು-ಬಿಳುಪು ರೂಪಗಳು, ಮೂರಕ್ಕೂ ಅದರದರ ಸಮರ್ಥನೆ. ಕಪ್ಪು-ಬಿಳುಪು ಎಂಬಷ್ಟು ಸರಳವಾದ ಫಿಲ್ಟರಿನಲ್ಲೂ ಯಾರದೋ ಆಯ್ಕೆ ಅಡಗಿದೆ ಎಂಬುದು ಇಲ್ಲಿ ಕಣ್ಣಿಗೇ ಕಾಣುತ್ತದೆ.

ಇದೇ ಲೆಕ್ಕವನ್ನು ಹಿಂದುಮುಂದು ಮಾಡಿದರೆ ಇನ್ನೂ ದೊಡ್ಡ ವಿಷಯ ಸಿಗುತ್ತದೆ. ಅಚ್ಚ ಕೆಂಪು ಸೀರೆ 76 ಆಯಿತಲ್ಲ, 130 ಅಂಕಿಯ ಹಸಿರು ಸೀರೆಯೂ ಅದೇ ತೂಕದಲ್ಲಿ 76 ಆಗುತ್ತದೆ. ಒಮ್ಮೆ ಬೂದಾದ ಮೇಲೆ ಯಾವುದು ಯಾವುದಾಗಿತ್ತು ಎಂದು ಆ ಅಂಕಿಯಿಂದ ಹೇಳಲು ಸಾಧ್ಯವೇ ಇಲ್ಲ. 1965ರ ‘ಸತ್ಯ ಹರಿಶ್ಚಂದ್ರ’ 2008ರಲ್ಲೂ 1971ರ ‘ಕಸ್ತೂರಿ ನಿವಾಸ’ 2014ರಲ್ಲೂ ಬಣ್ಣ ಹೊತ್ತು ಮತ್ತೆ ಚಿತ್ರಮಂದಿರಗಳಿಗೆ ಬಂದವು. ಆ ಬಣ್ಣಗಳು ನೆಗೆಟಿವ್‌ನಲ್ಲಿ ಅಡಗಿ ಕುಳಿತು ಈಗ ಹೊರಬಂದವಲ್ಲ. ಫಿಲ್ಮಿನಲ್ಲಿ ಇದ್ದದ್ದು ಬೆಳಕು-ನೆರಳು ಮಾತ್ರ. ಉಡುಪಿಗೆ, ಗೋಡೆಗೆ ಇಂಥದೇ ಬಣ್ಣ ಎಂದು ಈಗಿನವರು ತೀರ್ಮಾನಿಸಬೇಕಾಗುತ್ತದೆ. ಆ ಶ್ರಮ ದೊಡ್ಡದು, ಪ್ರೇಕ್ಷಕರು ಅದನ್ನು ಸಂಭ್ರಮಿಸಿದ್ದರಲ್ಲೂ ತಪ್ಪಿಲ್ಲ. ಆದರೆ ಹಳೆಯ ಚಿತ್ರಕ್ಕೆ ‘ನಿಜವಾದ ಬಣ್ಣ ಮರಳಿತು’ ಎಂದು ಯಾರಾದರೂ ಹೇಳಿದರೆ, ಫಿಲ್ಟರ್ ಬರೆದು ನೋಡಿದ ಹೈಸ್ಕೂಲ್ ಹುಡುಗಿಯೂ ಅದನ್ನು ಪ್ರಶ್ನಿಸಬಲ್ಲಳು.

ಬೆರಳು ತಾಗಿಸಿದರೆ ನೂರಾರು ಫಿಲ್ಟರ್ ಕೊಡುವ ಆ್ಯಪ್‌ಗಳಿರುವಾಗ ಪ್ರೋಗ್ರಾಂ ಬರೆಯುವ ಕಷ್ಟ ಏಕೆ ಎಂಬ ಆಕ್ಷೇಪ ಸಹಜ. ಚೆಂದದ ಫೋಟೊ ಒಂದೇ ಬೇಕಾದವರಿಗೆ ಆ್ಯಪ್ ಸಾಕು, ನಿಜ. ಆದರೆ ಆ್ಯಪ್ ಏನನ್ನು ಕಳೆಯಿತು ಎಂದು ಹೇಳುವುದಿಲ್ಲ. ಹಳೆಯ ಕಾಲದ ಕಂದು ಛಾಯೆ ಕೊಡುವ ಸೆಪಿಯಾ ಫಿಲ್ಟರನ್ನೇ ನೋಡಿ. ಬಹಳ ಬಳಕೆಯಲ್ಲಿರುವ ಸೂತ್ರದಲ್ಲಿ ಹೊಸ ಕೆಂಪು ಅಂಕಿ ಎಂದರೆ ಹಳೆಯ ಕೆಂಪಿನ 0.393, ಹಸಿರಿನ 0.769, ನೀಲಿಯ 0.189 ಪಾಲುಗಳ ಮೊತ್ತ. ಮೂರನ್ನೂ ಕೂಡಿಸಿದರೆ 1.351. ಹಾಗಾಗಿ ಅಚ್ಚ ಬಿಳಿಯ ಜಾಗದಲ್ಲಿ ಕೆಂಪು 344 ಆಗಬೇಕು, ಆದರೆ 255ರ ಆಚೆಗೆ ಅಂಕಿಯೇ ಇಲ್ಲ. ಅಲ್ಲಿಗೇ ಕತ್ತರಿಸಬೇಕು. ಬಿಳಿ ಮೋಡದ ಒಳಗಿನ ಸೂಕ್ಷ್ಮ ಏರಿಳಿತಗಳು ಹೀಗೆ ಕಡಿಮೆಯಾಗುತ್ತವೆ. ಕತ್ತರಿಸಲು ಮರೆತರಂತೂ ಬೇರೆಯೇ ಅವಾಂತರ: ಎಂಟು ಬಿಟ್‌ನ ಕೋಷ್ಟಕದಲ್ಲಿ 200ಕ್ಕೆ 100 ಕೂಡಿಸಿದರೆ 300ರ ಬದಲು 44 ಬರುತ್ತದೆ, ಹೊಳೆಯಬೇಕಾದ ಆಕಾಶದಲ್ಲಿ ಕಪ್ಪು ಕಲೆಗಳು ಏಳುತ್ತವೆ. ಈ ಕಲೆಗಳನ್ನು ಒಮ್ಮೆ ಕಂಡವರು ಮುಂದೆ ಯಾವ ಫೋಟೊದ ಬೆಳಕನ್ನು ಏರಿಸುವಾಗಲೂ ಎಲ್ಲಿ ವಿವರ ಸಾಯುತ್ತದೆ ಎಂದು ಹುಡುಕುತ್ತಾರೆ.

ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರವಾದದ್ದು. ಎಲ್ಲ ಫೋಟೊವೂ ಲೆಕ್ಕವೇ ಆದರೆ ಸುದ್ದಿಯ ಚಿತ್ರವನ್ನು ಬೇಕಾದ ಹಾಗೆ ತಿದ್ದಬಹುದೇ? ಖಂಡಿತ ಇಲ್ಲ. 1994ರ ಜೂನ್‌ನಲ್ಲಿ ಅಮೆರಿಕದ ‘ಟೈಮ್’ ಪತ್ರಿಕೆ ಕೊಲೆ ಆರೋಪ ಎದುರಿಸುತ್ತಿದ್ದ ಓ.ಜೆ. ಸಿಂಪ್ಸನ್ ಅವರ ಪೊಲೀಸ್ ಫೋಟೊವನ್ನು ಗಾಢವಾಗಿ ಕಪ್ಪಾಗಿಸಿ ಮುಖಪುಟಕ್ಕೆ ಹಾಕಿತು. ‘ನ್ಯೂಸ್‌ವೀಕ್’ ಅದೇ ಫೋಟೊವನ್ನು ಹಾಗೆ ಕಪ್ಪಾಗಿಸದೆ ಮುದ್ರಿಸಿದ್ದರಿಂದ ಅಂಗಡಿಯಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟವರಿಗೆ ವ್ಯತ್ಯಾಸ ರಾಚಿತು, ಆರೋಪಿಯ ಮೈಬಣ್ಣವನ್ನು ಅಪರಾಧದ ಗುರುತಾಗಿಸಿದ್ದಾರೆಂಬ ಸಿಟ್ಟು ಎದ್ದಿತು. ಇದಕ್ಕೆ ಎದುರಾಗಿ ಭಾರತದ ಐಆರ್‌ಎಸ್ ಉಪಗ್ರಹಗಳ ಚಿತ್ರಗಳನ್ನು ನೋಡಿ. ಮೊದಲನೆಯದು 1988ರಲ್ಲಿ ಹಾರಿತು. ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಕೆಂಪಾಗಿ, ಕೆಂಪನ್ನು ಹಸಿರಾಗಿ, ಹಸಿರನ್ನು ನೀಲಿಯಾಗಿ ತೋರಿಸುವ ಕ್ರಮ ಇಂಥ ಚಿತ್ರಗಳಲ್ಲಿ ಸಾಮಾನ್ಯ. ಎಲೆಗಳು ಅವಕೆಂಪು ಬೆಳಕನ್ನು ಹೇರಳವಾಗಿ ಪ್ರತಿಫಲಿಸುವುದರಿಂದ ದಟ್ಟ ಕಾಡು ಕಡುಗೆಂಪಾಗಿ ಕಾಣುತ್ತದೆ. ಬಣ್ಣ ಬದಲಾದದ್ದು ಮುಖಪುಟದ ಫೋಟೊಗಿಂತ ಎಷ್ಟೋ ಹೆಚ್ಚು, ಆದರೂ ಇದನ್ನು ಸುಳ್ಳು ಎನ್ನುವವರಿಲ್ಲ. ಯಾವ ಬೆಳಕನ್ನು ಯಾವ ಬಣ್ಣಕ್ಕೆ ಇಳಿಸಿದ್ದೇವೆ ಎಂದು ಮೊದಲೇ ಹೇಳಿರುತ್ತಾರೆ. ಯಾರು ಬೇಕಾದರೂ ಆ ಲೆಕ್ಕವನ್ನು ಮತ್ತೆ ಮಾಡಿ ನೋಡಬಹುದು. ಪ್ರೋಗ್ರಾಂನಲ್ಲಿ ಬರೆದ ಫಿಲ್ಟರಿಗೆ ಈ ಗುಣ ತಾನಾಗಿ ಬರುತ್ತದೆ: ಮಾಡಿದ್ದೆಲ್ಲವೂ ಸಾಲು ಸಾಲಾಗಿ ಬರಹದಲ್ಲಿರುತ್ತದೆ.

ಇದಕ್ಕೆಲ್ಲ ಗಣಿತ ಬೇಕು, ಅದು ಎಲ್ಲರಿಗೂ ಎಟುಕದು ಎನ್ನುವವರಿಗೆ ಒಂದು ಉದಾಹರಣೆ ಸಾಕು. ಹೊಲದ ಫೋಟೊದಲ್ಲಿ ಪೈರು ಎಷ್ಟು ಜಾಗ ಮುಚ್ಚಿದೆ ಎಂದು ಅಳೆಯಲು ಕೃಷಿ ಸಂಶೋಧಕರು ಬಳಸುವ ಸೂತ್ರ ಹೀಗಿದೆ: ಹಸಿರಿನ ಎರಡರಷ್ಟರಿಂದ ಕೆಂಪನ್ನೂ ನೀಲಿಯನ್ನೂ ಕಳೆಯಿರಿ. ಎಲೆಯ ಒಂದು ಪಿಕ್ಸೆಲ್ 70, 130, 50 ಆಗಿದ್ದರೆ ಉತ್ತರ 140. ಕೆಮ್ಮಣ್ಣಿನದು 150, 90, 60 ಆಗಿದ್ದರೆ ಉತ್ತರ ಸೊನ್ನೆಗಿಂತ 30 ಕೆಳಗೆ. ಒಂದು ಗಡಿ ಗೊತ್ತುಮಾಡಿ ಅದಕ್ಕಿಂತ ಮೇಲಿನದಕ್ಕೆ ಬಿಳಿ, ಕೆಳಗಿನದಕ್ಕೆ ಕಪ್ಪು ಬಳಿದರೆ ಪೈರೂ ಮಣ್ಣೂ ಬೇರೆಯಾಗುತ್ತವೆ. ಬಿಳಿ ಪಿಕ್ಸೆಲ್‌ಗಳನ್ನು ಎಣಿಸಿದರೆ ಉತ್ತರ ಕೈಯಲ್ಲಿ. ಕೂಡುವುದು, ಕಳೆಯುವುದು ಬಿಟ್ಟು ಇದರಲ್ಲಿ ಬೇರೆ ಗಣಿತವಿಲ್ಲ. ಎಚ್ಚರ ವಹಿಸಬೇಕಾದದ್ದು ಕ್ಯಾಮೆರಾದ ವಿಷಯದಲ್ಲಿ. ಬೆಳಗಿನ ಫೋಟೊಗೂ ಸಂಜೆಯ ಫೋಟೊಗೂ ಅದು ತನ್ನಷ್ಟಕ್ಕೆ ಬೇರೆ ತಿದ್ದುಪಡಿ ಮಾಡಿರುವುದರಿಂದ ಎರಡರ ಅಂಕಿಗಳನ್ನು ನೇರವಾಗಿ ಹೋಲಿಸಲಾಗದು. ಫೋಟೊದ ಒಂದು ಮೂಲೆಯಲ್ಲಿ ಬಿಳಿ ಕಾಗದ ಇಟ್ಟು, ಅದರ ಕೆಂಪು, ಹಸಿರು, ನೀಲಿ ಅಂಕಿಗಳು ಸಮನಾಗುವಂತೆ ಮೊದಲು ಇಡೀ ಚಿತ್ರವನ್ನು ಸರಿಪಡಿಸಿ ಆಮೇಲೆ ಎಣಿಸಿದರೆ ಈ ತೊಡಕು ಬಹುಮಟ್ಟಿಗೆ ಬಗೆಹರಿಯುತ್ತದೆ.