ನೀರನ್ನು ಸಾಕುವ ವಿದ್ಯೆ

ಹವಳವೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಒಂದು ಬಣ್ಣ, ಒಂದು ಒಡವೆ. ನವರತ್ನಗಳ ಪಂಕ್ತಿಯಲ್ಲಿ ಅದಕ್ಕೆ ಸ್ಥಾನವುಂಟು. ತಾಳಿಸರದ ಕರಿಮಣಿಗಳ ನಡುವೆ ಅದು ಕೆಂಪಗೆ ಹೊಳೆಯುವುದುಂಟು. ಹಳಗನ್ನಡದ ಕವಿಗಳು ನಾಯಿಕೆಯ ತುಟಿಯನ್ನು ಬಣ್ಣಿಸುವಾಗ 'ಪವಳ'ವನ್ನು ನೆನೆಯುವುದುಂಟು. ಆದರೆ ಆ ಕೆಂಪು ಹವಳ ಶತಮಾನಗಳ ಕಾಲ ಮೆಡಿಟರೇನಿಯನ್ ಸಮುದ್ರದಿಂದ ವರ್ತಕರ ಕೈಯಿಂದ ಕೈಗೆ ಸಾಗಿ ನಮ್ಮ ದೇಶಕ್ಕೆ ಬಂದ ಸರಕು. ಕವಿಯ ಕಣ್ಣಿಗೆ ಬೀಳುವ ಹೊತ್ತಿಗೆ ಅದು ಪ್ರಾಣಿಯಾಗಿ ಉಳಿದಿರಲಿಲ್ಲ; ಪ್ರಾಣಿ ಬಿಟ್ಟುಹೋದ ಎಲುಬು ಸಾಣೆ ಹಿಡಿದ ಮಣಿಯಾಗಿತ್ತು.

ಬದುಕಿರುವ ಹವಳ ಬೇರೆಯೇ ವಸ್ತು. ಅದು ಬಾಯಿಯ ಸುತ್ತ ಬೆರಳಿನಂತಹ ಕುಡಿಗಳುಳ್ಳ ಒಂದು ಮೃದುವಾದ ಸಣ್ಣ ಪ್ರಾಣಿ. ಬೆಚ್ಚನೆಯ ಕಡಲಿನಲ್ಲಿ, ಬೆಳಕು ಇಳಿಯುವಷ್ಟು ಆಳದ ನೀರಿನಲ್ಲಿ, ಇಂತಹ ಕೋಟ್ಯನುಕೋಟಿ ಪ್ರಾಣಿಗಳು ನೀರಿನೊಳಗಿನ ಸುಣ್ಣವನ್ನು ಹೀರಿ, ತಲೆಮಾರಿನ ಮೇಲೆ ತಲೆಮಾರು ಕಟ್ಟಿದ ಕಲ್ಲಿನ ಊರೇ ಹವಳದ ದಿಬ್ಬ. ಸಮುದ್ರತಳದಲ್ಲಿ ನೂರಕ್ಕೆ ಒಂದು ಪಾಲಿಗಿಂತಲೂ ಕಡಮೆ ಜಾಗವನ್ನು ಹಿಡಿದಿರುವ ಈ ಊರುಗಳಲ್ಲಿ ಕಡಲಜೀವಿಗಳ ಜಾತಿಗಳ ಪೈಕಿ ಸುಮಾರು ಕಾಲುಭಾಗ ಆಶ್ರಯ ಪಡೆದಿವೆ. ನಮ್ಮಲ್ಲಿಯೇ ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ. ಅವನ್ನು ನೋಡಲೆಂದೇ ನೀರಿಗಿಳಿಯುವವರಿದ್ದಾರೆ. ಕಡಲಿಗೆ ಇಳಿಯಲಾರದ ಕೆಲವರು ಆ ಊರಿನ ಒಂದು ಮೂಲೆಯನ್ನು ಗಾಜಿನ ತೊಟ್ಟಿಯಲ್ಲಿ ಮನೆಯೊಳಗೇ ಕಟ್ಟಿಕೊಳ್ಳಲು ಹೊರಡುತ್ತಾರೆ. ಕಡಲಿನಿಂದ ನೂರಾರು ಕಿಲೋಮೀಟರ್ ದೂರದ ಬೆಂಗಳೂರಿಗೂ ಈ ಹವ್ಯಾಸ ಬಂದಿದೆ. ಹೊಸದಾಗಿ ಅದಕ್ಕೆ ಕೈಹಾಕಿದವರು ಮೊದಲು ನೀರನ್ನು ಸಾಕಲು ಕಲಿಯಬೇಕು; ಮೀನು, ಹವಳಗಳ ಮಾತು ಆಮೇಲಿನದು.

ಈ ಪಾಠವನ್ನು ಮೊದಮೊದಲು ಕಲಿತವರಲ್ಲಿ ಲಂಡನ್ನಿನ ಒಬ್ಬ ಗೃಹಿಣಿಯೂ ಇದ್ದಳು. ಆನಾ ಥಿನ್ ಎಂದು ಆಕೆಯ ಹೆಸರು. ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ಹಿರಿಯ ಪಾದ್ರಿಯೊಬ್ಬರ ಪತ್ನಿ. 1846ರಲ್ಲಿ ಟಾರ್ಕಿ ಎಂಬ ಕಡಲತೀರದ ಊರಿನಲ್ಲಿ ಕಲ್ಲುಹವಳಗಳನ್ನು ಕಂಡು ಬೆರಗಾಗಿ, ಕೆಲವನ್ನು ಕಡಲನೀರಿನ ಜಾಡಿಯಲ್ಲಿಟ್ಟು ಲಂಡನ್ನಿಗೆ ತಂದಳು. ಅವು ದಿಬ್ಬ ಕಟ್ಟುವ ಜಾತಿಯವಲ್ಲ. ಇಂಗ್ಲೆಂಡಿನ ತಣ್ಣನೆಯ ನೀರಿನಲ್ಲಿ ಒಂಟಿಯಾಗಿ ಬಾಳುವಂತಹವು. ಆದರೂ ಅವು ಬದುಕಬೇಕಾದರೆ ಉಸಿರಾಟಕ್ಕೆ ಒದಗುವ ನೀರು ಬೇಕು. ದಿನದಿನವೂ ಕಡಲಿನಿಂದ ಹೊಸ ನೀರನ್ನು ತರಿಸುವುದು ಸುಲಭವಾಗಿರಲಿಲ್ಲ. ಇದ್ದ ನೀರಿಗೇ ಗಾಳಿ ಬೆರೆಸುವ ಉಪಾಯವನ್ನು ಆಕೆ ಹೂಡಿದಳು: ತೆರೆದ ಕಿಟಕಿಯ ಮುಂದೆ ನಿಂತು ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ, ಅದರಿಂದ ಮತ್ತೆ ಇದಕ್ಕೆ, ಅರ್ಧ ಮುಕ್ಕಾಲು ಗಂಟೆ ಸುರಿಯುವುದು. ಹಾಗೆ ಸುರಿದವಳು ಮನೆಗೆಲಸದ ಹುಡುಗಿ. ಆ ಹುಡುಗಿಗೆ ಅದೊಂದು ವಿನೋದವಾಗಿತ್ತೆಂದು ಒಡತಿ ಮುಂದೆ ಬರೆದಳು. ಹುಡುಗಿಯ ತೋಳುಗಳ ಅಭಿಪ್ರಾಯ ಮಾತ್ರ ಉಳಿದುಬಂದಿಲ್ಲ. 1847ರಲ್ಲಿ ಆಕೆ ನೀರಿಗೆ ಜೀವಂತ ಕಡಲಪಾಚಿಯನ್ನೂ ಸೇರಿಸಿದಳು. ಹವಳಗಳು ಸುಮಾರು ಮೂರು ವರ್ಷ ಬದುಕಿದವು, ಸಂತಾನವನ್ನೂ ಪಡೆದವು. ಫಿಲಿಪ್ ಹೆನ್ರಿ ಗಾಸ್ ತನ್ನ 'ದಿ ಅಕ್ವೇರಿಯಂ' ಪುಸ್ತಕವನ್ನು ಹೊರತಂದು ಇಂಗ್ಲೆಂಡಿನ ಮನೆಮನೆಗೂ ಈ ಗೀಳನ್ನು ಹತ್ತಿಸಿದ್ದು ಆಮೇಲೆ, 1854ರಲ್ಲಿ.

ಆ ಹುಡುಗಿ ಮಾಡುತ್ತಿದ್ದ ಕೆಲಸವನ್ನು ಈಗ ವಿದ್ಯುತ್ತಿನ ಪಂಪು ಮಾಡುತ್ತದೆ. ಆದರೆ ಗಾಳಿಯೊಂದರಿಂದಲೇ ನೀರು ಬಾಳುವುದಿಲ್ಲ. ಸಮುದ್ರಮಥನದ ಕಥೆಯಲ್ಲಿ ಅಮೃತಕ್ಕಿಂತ ಮುಂಚೆ ಹಾಲಾಹಲ ಹುಟ್ಟಿತೆಂದು ಕೇಳಿದ್ದೇವೆ. ಮನೆಯ ಗಾಜಿನ ಕಡಲಿನಲ್ಲಿಯೂ ಮೊದಲು ಹುಟ್ಟುವುದು ವಿಷವೇ. ಮೀನಿನ ಮಲದಿಂದ, ಉಸಿರಿನಿಂದ, ತಿಂದು ಮಿಕ್ಕ ಆಹಾರದ ಕೊಳೆತದಿಂದ ಅಮೋನಿಯ ಉಂಟಾಗುತ್ತದೆ. ಕಡಲನೀರಿನಂತಹ ಕ್ಷಾರಗುಣದ ನೀರಿನಲ್ಲಿ ಅದರ ಉಗ್ರತೆ ಹೆಚ್ಚು. ಆ ಹಾಲಾಹಲವನ್ನು ಕುಡಿಯುವ ನೀಲಕಂಠರು ಕಣ್ಣಿಗೆ ಕಾಣದ ಸೂಕ್ಷ್ಮಾಣುಜೀವಿಗಳು. ಒಂದು ಬಗೆಯವು ಅಮೋನಿಯವನ್ನು ನೈಟ್ರೈಟಾಗಿ ಮಾರ್ಪಡಿಸುತ್ತವೆ, ಅದೂ ವಿಷವೇ. ಇನ್ನೊಂದು ಬಗೆಯವು ನೈಟ್ರೈಟನ್ನು ಬಹುಮಟ್ಟಿಗೆ ನಿರಪಾಯವಾದ ನೈಟ್ರೇಟನ್ನಾಗಿ ಮಾಡುತ್ತವೆ. ರಷ್ಯದ ವಿಜ್ಞಾನಿ ವಿನೋಗ್ರಾಡ್‌ಸ್ಕಿ 1890ರ ಸುಮಾರಿಗೆ ಮಣ್ಣಿನಲ್ಲಿ ಇಂತಹ ಜೀವಿಗಳನ್ನು ಬೇರ್ಪಡಿಸಿ ತೋರಿಸಿದನು. ಹೊಲದ ಮಣ್ಣಿಗೆ ಸಾರ ಕೊಡುವ ವ್ಯಾಪಾರವೂ ತೊಟ್ಟಿಯ ನೀರನ್ನು ತಿಳಿಗೊಳಿಸುವ ವ್ಯಾಪಾರವೂ ಒಂದೇ.

ಈ ಸೂಕ್ಷ್ಮಾಣುಗಳು ಬೇಗ ಹೆಚ್ಚುವಂತಹವಲ್ಲ. ತೊಟ್ಟಿಯಲ್ಲಿ ಕಲ್ಲು, ಮರಳು, ಉಪ್ಪುನೀರು ಎಲ್ಲವನ್ನೂ ಅಣಿಗೊಳಿಸಿ, ಕೊಳೆಯಲೆಂದು ಚಿಟಿಕೆ ಆಹಾರವನ್ನು ಹಾಕಿ, ನಾಲ್ಕರಿಂದ ಆರು ವಾರ, ಒಮ್ಮೊಮ್ಮೆ ಇನ್ನೂ ಹೆಚ್ಚು ಕಾಲ, ಮೀನಿಲ್ಲದೆಯೇ ಕಾಯಬೇಕು. ಪರೀಕ್ಷೆಯ ದ್ರಾವಣದ ಬಣ್ಣವನ್ನು ನೋಡುತ್ತಿದ್ದರೆ ಅಮೋನಿಯ ಏರಿ ಇಳಿಯುವುದೂ, ಅದರ ಹಿಂದೆ ನೈಟ್ರೈಟು ಏರಿ ಇಳಿಯುವುದೂ ತಿಳಿಯುತ್ತದೆ. ಎರಡೂ ಸೊನ್ನೆಗೆ ಬಂದ ದಿನ ನೀರು ಜೀವವನ್ನು ಹೊರಲು ಸಿದ್ಧವಾಯಿತೆಂದು ಅರ್ಥ. ಹೊಸಬರು ಎಡವುವುದು ಇಲ್ಲಿಯೇ. ಬರಿದಾದ ತೊಟ್ಟಿಯ ಮುಂದೆ ತಿಂಗಳುಗಟ್ಟಲೆ ಕುಳಿತಿರುವುದು ಮನೆಯವರಿಗೂ ನೆಂಟರಿಗೂ ನಗೆಯ ವಿಷಯ. ಅದನ್ನು ತಾಳಲಾರದೆ ಮೊದಲ ವಾರವೇ ಮೀನು ತಂದು ಬಿಟ್ಟರೆ, ಆ ಮೂಕಪ್ರಾಣಿ ತನ್ನ ವಿಷದಲ್ಲಿ ತಾನೇ ಸಾಯುತ್ತದೆ.

ಕಾಯುವ ಕಾಲವನ್ನು ಕಡಮೆ ಮಾಡುವ ಮಾರ್ಗವೊಂದನ್ನು ಜಕಾರ್ತದ ಲೀ ಚಿನ್ ಎಂಗ್ 1961ರ ಲೇಖನವೊಂದರಲ್ಲಿ ಲೋಕಕ್ಕೆ ತಿಳಿಸಿದನು. ದಿಬ್ಬದ ಬಳಿಯ ಕಲ್ಲುಗಳನ್ನು ಅವುಗಳ ಮೈಮೇಲಿನ ಜೀವಿಗಳೊಡನೆಯೇ ತಂದಿಟ್ಟು, ಅವಕ್ಕೆ ಬೆಳಕನ್ನೂ ಗಾಳಿಯ ಗುಳ್ಳೆಗಳನ್ನೂ ಒದಗಿಸಿದರೆ ಸಾಕೆಂಬುದು ಆತನ ಕ್ರಮ. ಜೀವಶಿಲೆಯೆಂದು ಕರೆಯಬಹುದಾದ ಇಂತಹ ಕಲ್ಲಿನ ರಂಧ್ರಗಳಲ್ಲಿ ಆ ಸೂಕ್ಷ್ಮಾಣುಗಳು ಮೊದಲೇ ಮನೆಮಾಡಿರುತ್ತವೆ. ಈಗ ಬಹುಮಂದಿ ಒಣಕಲ್ಲನ್ನೇ ಇಟ್ಟು, ಅದು ಜೀವ ತುಂಬಿಕೊಳ್ಳುವವರೆಗೆ ಕಾಯುತ್ತಾರೆ. ದಿಬ್ಬದ ಕಲ್ಲು ದಿಬ್ಬದಲ್ಲಿಯೇ ಉಳಿಯುತ್ತದೆ.

ನೀರನ್ನು ಕಲಸುವುದೂ ಒಂದು ಕಲೆ. ಅಡಿಗೆಯ ಉಪ್ಪನ್ನು ಕರಗಿಸಿದರೆ ಅದು ಉಪ್ಪುನೀರಾದೀತೇ ಹೊರತು ಕಡಲಾಗದು. ಕಡಲಿನಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಮೊದಲಾದವು ಗೊತ್ತಾದ ಪ್ರಮಾಣದಲ್ಲಿವೆ. ಅದಕ್ಕೆಂದೇ ತಯಾರಾದ ಲವಣಮಿಶ್ರಣವನ್ನು ಲೀಟರಿಗೆ ಸುಮಾರು 35 ಗ್ರಾಮಿನಂತೆ, ಎಂದರೆ 200 ಲೀಟರಿನ ತೊಟ್ಟಿಗೆ 7 ಕಿಲೋಗ್ರಾಮಿನಷ್ಟು, ಶುದ್ಧೀಕರಿಸಿದ ನೀರಿನಲ್ಲಿ ಕರಗಿಸಬೇಕು. ನಲ್ಲಿಯ ನೀರಿನಲ್ಲಿರುವ ಕ್ಲೋರೀನು ಬೇಡ. ತಾಮ್ರವಂತೂ ಬೇಡವೇ ಬೇಡ. ನಮಗೆ ತಾಮ್ರದ ತಂಬಿಗೆಯ ನೀರು ಆರೋಗ್ಯಕರವೆಂಬ ನಂಬಿಕೆಯುಂಟು. ಹವಳಕ್ಕೂ ಸೀಗಡಿಗೂ ಅತ್ಯಲ್ಪ ತಾಮ್ರವೂ ಮೃತ್ಯುವೇ.

ಹೊಸಬರನ್ನು ಗಲಿಬಿಲಿಗೊಳಿಸುವ ಇನ್ನೊಂದು ಸಂಗತಿಯಿದೆ. ತೊಟ್ಟಿಯ ನೀರು ದಿನವೂ ಅಷ್ಟಷ್ಟು ಆವಿಯಾಗಿ ಇಳಿಯುತ್ತದೆ. ಉಪ್ಪುನೀರು ಕಡಮೆಯಾದರೆ ಉಪ್ಪುನೀರನ್ನೇ ತುಂಬಬೇಕೆಂದು ತೋರುವುದು ಸಹಜ. ಆದರೆ ಒಲೆಯ ಮೇಲೆ ಮರೆತ ಸಾರನ್ನು ನೆನೆಯಿರಿ: ನೀರು ಬತ್ತಿದಂತೆ ಅದು ಹೆಚ್ಚು ಉಪ್ಪಾಗುತ್ತದೆ, ಏಕೆಂದರೆ ಆವಿಯಾದದ್ದು ನೀರು ಮಾತ್ರ. ಅದನ್ನು ಸರಿಪಡಿಸಲು ಯಾವ ಗೃಹಿಣಿಯೂ ಉಪ್ಪು ಹಾಕುವುದಿಲ್ಲ, ಬರಿಯ ನೀರನ್ನು ಬೆರೆಸುತ್ತಾಳೆ. ತೊಟ್ಟಿಗೂ ಹಾಗೆಯೇ ದಿನವೂ ಸಿಹಿನೀರನ್ನೇ ಹಾಕಬೇಕು. ವಾರಕ್ಕೊಮ್ಮೆ ಹತ್ತರಲ್ಲೊಂದು ಪಾಲು ಹಳೆಯ ನೀರನ್ನು ತೆಗೆದು ಹೊಸದನ್ನು ತುಂಬುವಾಗ ಮಾತ್ರ ಕಲಸಿದ ಉಪ್ಪುನೀರು. ತೊಟ್ಟಿ ದೊಡ್ಡದಾದಷ್ಟೂ ಇಂತಹ ಏರುಪೇರುಗಳು ನಿಧಾನ; ಆದುದರಿಂದ ಕಲಿಯುವವರಿಗೆ ಪುಟ್ಟ ತೊಟ್ಟಿಯೇ ಹೆಚ್ಚು ಕಠಿಣ.

ಹೀಗೆ ಕಾದು ಕುಳಿತವರಿಗೆ ಮೊದಲು ದೊರೆಯುವ ಫಲ ಮಾತ್ರ ಸೊಗಸಿನದಲ್ಲ. ಬೆಳ್ಳನೆಯ ಮರಳಿನ ಮೇಲೆ ಕಂದುಬಣ್ಣದ ಲೋಳೆ ಹಬ್ಬುತ್ತದೆ. ಅದರ ಹಿಂದೆ ಹಸುರು ಪಾಚಿ ಕೂದಲಿನಂತೆ ಎದ್ದು ನಿಲ್ಲುತ್ತದೆ. ಎಲ್ಲವೂ ಕೆಟ್ಟಿತೆಂದು ಬಗೆದು, ತೊಟ್ಟಿಯನ್ನು ಬರಿದುಮಾಡಿ ಉಜ್ಜಿ ತೊಳೆದವರುಂಟು. ತೊಳೆದದ್ದು ಪಾಚಿಯನ್ನಷ್ಟೇ ಅಲ್ಲ, ವಾರಗಟ್ಟಲೆ ಬೆಳೆಸಿದ ಸೂಕ್ಷ್ಮಾಣುಗಳನ್ನೂ. ಈ ಪಾಚಿಗಳು ಹೊಸ ನೀರಿನ ಬಾಲಗ್ರಹ. ಮೇಯಲು ನಾಲ್ಕು ಬಸವನಹುಳುಗಳನ್ನು ಬಿಟ್ಟು, ಬೆಳಕನ್ನು ಹಿತಮಿತವಾಗಿಟ್ಟು, ಆಹಾರವನ್ನು ಬಿಗಿಹಿಡಿದರೆ ಬಹುಮಟ್ಟಿಗೆ ತಾವೇ ಅಡಗುತ್ತವೆ. ಆಮೇಲೆ ಒಂದು ಮೀನು. ಕೆಲವು ವಾರ ಬಿಟ್ಟು ಇನ್ನೊಂದು. ಹವಳದ ಸರದಿ ಅದಕ್ಕೂ ಆಮೇಲೆ.

ಹವಳಕ್ಕೆ ಬೇಕಾದದ್ದು ಒಂದೇ ಸಮನಾದ ನೀರು. ಉಷ್ಣತೆ 25-26 ಡಿಗ್ರಿ ಸೆಂಟಿಗ್ರೇಡಿನ ಆಚೀಚೆ ನಿಲ್ಲಬೇಕು. ಎಲುಬು ಕಟ್ಟಲು ಕ್ಯಾಲ್ಸಿಯಂ ಲೀಟರಿಗೆ 400ರಿಂದ 450 ಮಿಲಿಗ್ರಾಮಿರಬೇಕು. ದಿಬ್ಬ ಕಟ್ಟುವ ಹವಳಗಳ ಮೈಯೊಳಗೆ ಅತಿಸೂಕ್ಷ್ಮವಾದ ಪಾಚಿಗಳು ಒಕ್ಕಲಿರುತ್ತವೆ. ಅವು ಬೆಳಕಿನಿಂದ ಅಡಿಗೆ ಮಾಡಿ ಹವಳಕ್ಕೆ ಉಣಿಸುತ್ತವೆ. ಹವಳ ಅವಕ್ಕೆ ನೆಲೆ ಕೊಡುತ್ತದೆ. ನೀರು ಕಾದರೆ ಈ ಸ್ನೇಹ ಮುರಿಯುತ್ತದೆ. ಒಕ್ಕಲು ಹೊರಬೀಳುತ್ತದೆ, ಮನೆಯೊಡೆಯ ಬಿಳಿಚಿಕೊಳ್ಳುತ್ತಾನೆ, ಹಸಿವಿನಿಂದ ಸೊರಗುತ್ತಾನೆ. ಆ ಬಿಳುಪು ಕೂಡಲೇ ಸಾವಲ್ಲ. ನೀರು ಬೇಗನೆ ತಣಿದರೆ ಹವಳ ಚೇತರಿಸಿಕೊಳ್ಳಬಲ್ಲುದು.

ಇಷ್ಟೆಲ್ಲ ಯಂತ್ರಗಳ ನಡುವೆ ವಿದ್ಯುತ್ತು ನಿಂತುಹೋದರೆ? ಗಾಳಿಯಿಲ್ಲದ ನೀರಿನಲ್ಲಿ ಮೀನುಗಳು ಕೆಲವು ಗಂಟೆಗಳಲ್ಲಿಯೇ ಏದುಸಿರು ಬಿಡತೊಡಗುತ್ತವೆ. ಬ್ಯಾಟರಿಯ ಪಂಪು ಇಲ್ಲದವರು ಚೆಂಬಿನಲ್ಲಿ, ತಾಮ್ರದ ಚೆಂಬಿನಲ್ಲಲ್ಲ, ನೀರನ್ನು ಮೊಗೆದು ಎತ್ತರದಿಂದ ತೊಟ್ಟಿಗೇ ಸುರಿಯಬೇಕಾಗುತ್ತದೆ, ಮತ್ತೆ ಮತ್ತೆ, ತೋಳು ನೋಯುವವರೆಗೆ. ನೂರೆಪ್ಪತ್ತು ವರ್ಷಗಳಿಗೂ ಹಿಂದೆ ಲಂಡನ್ನಿನ ಕಿಟಕಿಯ ಮುಂದೆ ನಿಂತ ಹುಡುಗಿಯ ಕಾಯಕಕ್ಕೆ ಇಂದಿಗೂ ಬದಲಿಯಿಲ್ಲದ ಗಳಿಗೆಗಳಿವೆ.

ಕಡಲಿನ ಪ್ರಾಣಿಯನ್ನು ಮನೆಗೆ ತರುವುದು ಸರಿಯೇ ಎಂಬ ಪ್ರಶ್ನೆಯನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ನಮ್ಮ ದೇಶ 2001ರಲ್ಲಿ ದಿಬ್ಬ ಕಟ್ಟುವ ಹವಳಗಳೆಲ್ಲವನ್ನೂ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ಸೇರಿಸಿತು. ಹುಲಿ ಇರುವ ಪಟ್ಟಿಯಲ್ಲಿಯೇ ಹವಳವೂ ಇದೆ. ನಮ್ಮ ಕಡಲಿನಿಂದ ಅದನ್ನು ಕಿತ್ತು ತರುವುದು, ಮಾರುವುದು ಅಪರಾಧ. ಆದುದರಿಂದ ನಮ್ಮಲ್ಲಿ ಈ ಹವ್ಯಾಸಕ್ಕೆ ಇಳಿಯುವವರು ಮಾರುವವನನ್ನು ಮೊದಲು ಕೇಳಬೇಕಾದದ್ದು ಬೆಲೆಯನ್ನಲ್ಲ, ಊರನ್ನು: ಈ ಪ್ರಾಣಿ ಎಲ್ಲಿಂದ ಬಂದದ್ದು? ಬಿಳಿಯ ಪಟ್ಟೆಯ ಕಿತ್ತಳೆ ಬಣ್ಣದ ಕ್ಲೌನ್ ಮೀನನ್ನು ತೊಟ್ಟಿಯಲ್ಲಿಯೇ ಮರಿಮಾಡಿಸುವ ವಿದ್ಯೆ ನಮ್ಮ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಗೆ ಸಿದ್ಧಿಸಿದೆ. ಅಂತಹ ಜೋಡಿಯೊಂದು, ಒಂದಷ್ಟು ಕಲ್ಲು, ತಿಳಿಯಾದ ನೀರು. ಆರಂಭಕ್ಕೆ ಅದು ಸಾಲದೆಂದು ಹೇಳುವವರ ಮಾತನ್ನು ಕೇಳಬೇಕಾಗಿಲ್ಲ.

ಲಕ್ಷದ್ವೀಪದ ಹವಳಗಳು 1998ರಲ್ಲಿ, 2010ರಲ್ಲಿ, 2016ರಲ್ಲಿ ಬಿಸಿಯೇರಿದ ಕಡಲಿನಿಂದ ಬಿಳಿಚಿಕೊಂಡವು. 2024ರ ಏಪ್ರಿಲಿನಲ್ಲಿ ವಿಜ್ಞಾನಿಗಳು ಜಗತ್ತಿನಾದ್ಯಂತ ನಾಲ್ಕನೆಯ ಸಲ ಇಂತಹ ಬಿಳುಪು ಹಬ್ಬಿರುವುದನ್ನು ಸಾರಿದರು. ಬೇಸಗೆಯ ಅತಿಹೆಚ್ಚಿನ ವಾಡಿಕೆಯ ಉಷ್ಣತೆಗಿಂತ ಒಂದೇ ಡಿಗ್ರಿ ಮೇಲೇರಿ ಕೆಲವು ವಾರ ಹಾಗೆಯೇ ನಿಂತರೆ ಸಾಕು, ದಿಬ್ಬಗಳು ಬಿಳಿಚಿಕೊಳ್ಳತೊಡಗುತ್ತವೆ. ಪತ್ರಿಕೆಯಲ್ಲಿ ಓದಿದಾಗ ಒಂದು ಡಿಗ್ರಿ ಎಂಬುದು ಬರಿಯ ಅಂಕೆ. ತೊಟ್ಟಿಯ ಮುಂದೆ ಒಂದು ವರ್ಷ ಕುಳಿತ ವಿದ್ಯಾರ್ಥಿಗೆ ಆ ಅಂಕೆಯ ಭಾರ ಗೊತ್ತು; ಏಪ್ರಿಲಿನ ಮಧ್ಯಾಹ್ನ ಉಷ್ಣಮಾಪಕದ ರೇಖೆ ಮೇಲೇರಿದಾಗ ಗಾಬರಿಯಿಂದ ಫ್ಯಾನು ಹಚ್ಚಿದವನು ಅವನು. ತನ್ನ ಇನ್ನೂರು ಲೀಟರನ್ನು ಅವನು ತಣಿಸಬಲ್ಲ. ದಿಬ್ಬವಿರುವ ಕಡಲಿಗೆ ಗಾಳಿ ಬೀಸುವವರು ಯಾರೆಂದು ಅವನು ಕೇಳಿದರೆ, ಉತ್ತರ ಹೇಳಬೇಕಾದವರು ತೊಟ್ಟಿಯಿಲ್ಲದ ನಾವೂ ಹೌದು.